ಗರಡಿ ಹುಡುಗರು ಜಿಮ್‌ಗೆ ಹೋಗಬೇಕಾ? ಕುಸ್ತಿ, ಜೂಡೋ, ಜಿಯು-ಜಿತ್ಸು ಆಡುವವರಿಗೆ ತೂಕ ಎತ್ತುವ ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಈ ಪ್ರಶ್ನೆ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಎರಡೂ ಜೋರು ದನಿಯಲ್ಲೇ. ಪೇಟೆ ಕಡೆಯ ಹಳೇ ತಾಲೀಮ್‌ನಲ್ಲಿ, ಅಂದರೆ ಮರಾಠಿಯವರ ಗರಡಿಯಲ್ಲಿ ಕೇಳಿ, ಜಿಮ್ ಮಾಡಿದರೆ ಮೈ ಬಿರುಸಾಗುತ್ತೆ, ಪಟ್ಟು ಕೂಡಿಬರೋದಿಲ್ಲ ಅಂತ ಕುಸ್ತಿ ಕಲಿಸುವ ವಸ್ತಾದರು ಮರಾಠಿಯಲ್ಲಿ ಬೈದು ಕಳಿಸುತ್ತಾರೆ. ಐಟಿ ಕಂಪನಿಗಳಿರುವ ಹಿಂಜವಡಿಯ ಎಸಿ ಜಿಮ್‌ನಲ್ಲಿ ಕೇಳಿ, ದಂಡ ಬೈಠಕ್ ಎಲ್ಲ ಹಳೇ ಕಾಲದ್ದು, ಮೊದಲು ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಬಾರ್ ತಳ್ಳುವುದು) ಏರಿಸಿ ಅಂತ ಟ್ರೈನರ್ ಹೇಳುತ್ತಾನೆ. ಮಧ್ಯದಲ್ಲಿ ಸಿಕ್ಕಿಕೊಳ್ಳೋದು ನಮ್ಮ ಹುಡುಗರು. ವಿಜಯಪುರ, ಬೆಳಗಾವಿ, ಕಲಬುರಗಿ ಕಡೆಯ ಊರ ಗರಡಿಯಲ್ಲಿ ಬೆಳೆದು ಈಗ ಚಾಕಣ್, ಪಿಂಪ್ರಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಒಂದು ಕಡೆ. ಕಂಪ್ಯೂಟರ್ ಮುಂದೆ ಕೂತು ಕೂತು ಬೇಸರವಾಗಿ ಸಂಜೆ ನೆಲದ ಮೇಲೆ ಹಿಡಿತ ಹಾಕಿ ಆಡುವ ಜಿಯು-ಜಿತ್ಸು ಕಲಿಯಲು ಶುರು ಮಾಡಿದವರು ಇನ್ನೊಂದು ಕಡೆ. ಇದು ಇಬ್ಬರಿಗೂ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಶಕ್ತಿ ಹೆಚ್ಚಿಸುವ ವ್ಯಾಯಾಮ ಕುಸ್ತಿಗೆ ಖಂಡಿತ ಬೇಕು. ಬಾಡಿಬಿಲ್ಡಿಂಗ್ ಕೆಲವರಿಗೆ, ವರ್ಷದ ಕೆಲವು ತಿಂಗಳು ಮಾತ್ರ ಬೇಕು. ಇವೆರಡೂ ಒಂದೇ ಜಿಮ್‌ನಲ್ಲಿ, ಒಂದೇ ಬಾರ್ ಹಿಡಿದು ನಡೆಯುವುದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಎರಡರ ನಡುವೆ ಏನು ವ್ಯತ್ಯಾಸ

ಬಾಡಿಬಿಲ್ಡಿಂಗ್‌ನ ಗುರಿ ಸ್ನಾಯುವಿನ ಗಾತ್ರ ಮತ್ತು ಆಕಾರ. ಒಂದೊಂದು ಸ್ನಾಯುವನ್ನೂ ಬೇರೆ ಬೇರೆಯಾಗಿ ದಣಿಸಬೇಕು. ಹಾಗಾಗಿ 8ರಿಂದ 15 ರೆಪ್ಸ್ (ಬಿಡುವಿಲ್ಲದೆ ಎತ್ತುವ ಸಲ), ತುಂಬಾ ಸೆಟ್ (ಅಂಥ ಸುತ್ತು), ಕಡಿಮೆ ವಿಶ್ರಾಂತಿ. ಶಕ್ತಿಯ ವ್ಯಾಯಾಮದ ಗುರಿ ಬೇರೆ. ಇರುವ ಸ್ನಾಯುವಿನಿಂದಲೇ ಜಾಸ್ತಿ ಬಲ ತೆಗೆಯಬೇಕು. ಭಾರವಾದ ತೂಕ, 3ರಿಂದ 5 ರೆಪ್ಸ್, ಸೆಟ್‌ಗಳ ನಡುವೆ ಪೂರ್ತಿ ವಿಶ್ರಾಂತಿ. ಶುರುವಿನ ತಿಂಗಳುಗಳಲ್ಲಿ ಬರುವ ಬಲದ ದೊಡ್ಡ ಪಾಲು ನರಗಳಿಂದ ಬರುತ್ತದೆ. ಒಂದೇ ಹೊತ್ತಿಗೆ ಹೆಚ್ಚು ಸ್ನಾಯುತಂತುಗಳನ್ನು ಕೆಲಸಕ್ಕೆ ಹಚ್ಚುವುದನ್ನು ಮೈ ಕಲಿಯುತ್ತದೆ. ಅದಕ್ಕೇ ತೂಕ ಹೆಚ್ಚಿಸಿಕೊಳ್ಳದೆ ಬಲ ಹೆಚ್ಚಿಸಿಕೊಳ್ಳಬಹುದು. ತೂಕದ ವರ್ಗದಲ್ಲಿ ಆಡುವವನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಇಲ್ಲ.

ಕನ್ನಡಿ ಇಲ್ಲಿ ಸಾಕ್ಷಿ ಹೇಳೋದಿಲ್ಲ. ರಷ್ಯಾದ ಕುಸ್ತಿಪಟು ಅಲೆಕ್ಸಾಂಡರ್ ಕರೇಲಿನ್ 1988, 1992, 1996ರಲ್ಲಿ ಸತತ ಮೂರು ಒಲಿಂಪಿಕ್ ಚಿನ್ನ ಗೆದ್ದವರು. 130 ಕೆಜಿ ಎದುರಾಳಿಯನ್ನು ನೆಲದಿಂದ ಎತ್ತಿ ಹಿಂದಕ್ಕೆ ಎಸೆಯುತ್ತಿದ್ದ ಶಿಲೆಯಂಥ ಮೈ. 2000ದ ಸಿಡ್ನಿ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಅಮೆರಿಕದ ರೂಲನ್ ಗಾರ್ಡ್ನರ್ ಹಾಲಿನ ಡೈರಿಯ ತೋಟದಲ್ಲಿ ಬೆಳೆದವರು. ಅವರ ಹೊಟ್ಟೆ ನೋಡಿದರೆ ಯಾವ ಜಿಮ್‌ನವರೂ ಪೋಸ್ಟರ್‌ಗೆ ಹಾಕುವುದಿಲ್ಲ. ಇಬ್ಬರಿಗೂ ಅಪಾರ ಬಲವಿತ್ತು. ಒಬ್ಬರದು ಕಣ್ಣಿಗೆ ಕಾಣುತ್ತಿತ್ತು, ಇನ್ನೊಬ್ಬರದು ಕಾಣುತ್ತಿರಲಿಲ್ಲ, ಅಷ್ಟೇ.

ಜಿಮ್ ವಿದೇಶಿ ವಸ್ತು, ತಾಲೀಮ್‌ಗೂ ಅದಕ್ಕೂ ಆಗಿಬರೋದಿಲ್ಲ ಅನ್ನುವ ಮಾತೂ ಅರ್ಧ ಸತ್ಯ. ಚಿಂಚೇಚಿ ತಾಲೀಮ್, ಗೋಕುಳ ವಸ್ತಾದ ತಾಲೀಮ್‌ನಂಥ ಪುಣೆಯ ಹಳೇ ತಾಲೀಮ್‌ಗಳ ಪರಂಪರೆಯಲ್ಲೇ ಗದೆ ಇದೆ, ಹಗ್ಗ ಇದೆ, ಕಲ್ಲು ಇದೆ, ಮಲ್ಲಕಂಬ ಇದೆ. ಮಲ್ಲಕಂಬಕ್ಕೆ ಮರುಜೀವ ಕೊಟ್ಟವರು ಪೇಶ್ವೆ ಎರಡನೇ ಬಾಜೀರಾಯನ ಗುರು ಬಾಳಂಭಟ್ಟ ದಾದಾ ದೇವಧರ ಎಂದು ಮರಾಠಿ ಮಂದಿ ಹೆಮ್ಮೆಯಿಂದ ಹೇಳುತ್ತಾರೆ. ಇವೆಲ್ಲ ತೂಕದ ವ್ಯಾಯಾಮವಲ್ಲದೆ ಇನ್ನೇನು? ಬಾರ್‌ಬೆಲ್‌ನಲ್ಲಿ ಇರುವ ಅನುಕೂಲ ಒಂದೇ. ತೂಕವನ್ನು ವಾರ ವಾರ ಲೆಕ್ಕ ಹಾಕಿ ಏರಿಸಬಹುದು. ಕಲ್ಲುಗುಂಡಿಗೆ ಎರಡೂವರೆ ಕೆಜಿ ಸೇರಿಸೋಕೆ ಆಗಲ್ಲ, ಅಲ್ವಾ?

ಹೆಜ್ಜೆ 1: ಎಲ್ಲಿ ಸೋಲುತ್ತಿದ್ದೀರಿ ಅಂತ ನೋಡಿ

ಜಿಮ್ ಫೀ ಕಟ್ಟುವ ಮೊದಲು ಎರಡು ವಾರ ಒಂದು ಕೆಲಸ ಮಾಡಿ. ಪ್ರತಿ ಜೋಡಿ ಅಭ್ಯಾಸ ಆದಮೇಲೆ, ಎಲ್ಲಿ ಕೈ ಬಿಟ್ಟಿರಿ ಅಂತ ಫೋನಿನಲ್ಲಿ ಒಂದು ಸಾಲು ಬರೆದಿಡಿ. ಯಾರಾದರೂ ವಿಡಿಯೋ ತೆಗೆದುಕೊಟ್ಟರೆ ಇನ್ನೂ ಒಳ್ಳೆಯದು.

ಎದುರಾಳಿಯ ಕಾಲು ಕೈಗೆ ಸಿಕ್ಕಿದೆ, ತಲೆ ಸರಿಯಾದ ಜಾಗದಲ್ಲಿದೆ, ಆದರೂ ಎತ್ತಲು ಆಗುತ್ತಿಲ್ಲ. ಇದು ಬಲದ ಕೊರತೆ. ಕಾಲು ಕೈಗೇ ಸಿಗುತ್ತಿಲ್ಲ ಅಂದರೆ ಅದು ಪಟ್ಟಿನ ಕೊರತೆ. ಅದಕ್ಕೆ ಔಷಧ ವಸ್ತಾದರ ಹತ್ತಿರ ಇದೆ, ಜಿಮ್‌ನಲ್ಲಿ ಇಲ್ಲ. ಮೊದಲ 3 ನಿಮಿಷ ಚೆನ್ನಾಗಿ ಆಡಿ ಆಮೇಲೆ ಕೈ ಸೋತುಬಿಡುತ್ತದೆ ಅಂದರೆ ದಮ್ಮಿನ ಕೊರತೆ ಇರಬಹುದು. ಅಥವಾ ಎಲ್ಲವನ್ನೂ ಪೂರ್ತಿ ಬಲದಲ್ಲಿ ಎಳೆಯುವ ಚಟ ಇರಬಹುದು. ಜಿಮ್‌ನಿಂದ ಬಂದ ಹೊಸಬರಲ್ಲಿ ಈ ಚಟ ಜಾಸ್ತಿ.

ಅದನ್ನು ಹತ್ತಿರದಿಂದ ನೋಡಬೇಕು. 100 ಕೆಜಿ ಬೆಂಚ್ ಪ್ರೆಸ್ ಮಾಡುವ ಹುಡುಗ ಮೊದಲ ದಿನ ಮ್ಯಾಟ್‌ಗೆ ಬರುತ್ತಾನೆ. ಎದುರಿಗೆ ಅವನಿಗಿಂತ 12 ಕೆಜಿ ಕಡಿಮೆ ಇರುವ ತಾಲೀಮ್ ಹುಡುಗ. ಕೈ ಕೂಡಿದ ಕೂಡಲೇ ಇವನು ಕತ್ತು ಹಿಡಿದು ಜಗ್ಗುತ್ತಾನೆ, ಮುಂಗೈ ಬಿಗಿ, ಭುಜ ಕಿವಿಯ ಹತ್ತಿರ, ಉಸಿರು ಕಟ್ಟಿಹೋಗಿದೆ. ಆ ಹುಡುಗ ಬರೀ ತೂಗಾಡುತ್ತಾನೆ. ಹಣೆ ಇವನ ಕೆನ್ನೆಗೆ ಒತ್ತಿಟ್ಟು, ಮೊಣಕೈ ಒಳಗಿಟ್ಟು, ತನ್ನ ಭಾರವನ್ನೆಲ್ಲ ಇವನ ಕುತ್ತಿಗೆ ಮೇಲೆ ಹಾಕಿ ಕಾಯುತ್ತಾನೆ. ಎರಡು ನಿಮಿಷಕ್ಕೆ ಇವನ ಬೆರಳು ಮಡಚಲೂ ಬರುವುದಿಲ್ಲ. ಆಮೇಲೆ ಆ ಹುಡುಗ ಆರಾಮಾಗಿ ಕಾಲಿಗೆ ಹೋಗುತ್ತಾನೆ. ಇಲ್ಲಿ ಬೆಂಚ್ ಪ್ರೆಸ್‌ನದೇನೂ ತಪ್ಪಿಲ್ಲ. ಯಾವಾಗ ಬಿಗಿ ಮಾಡಬೇಕು, ಯಾವಾಗ ಸಡಿಲ ಬಿಡಬೇಕು ಅನ್ನುವುದು ಮ್ಯಾಟ್ ಮೇಲೇ ಬರಬೇಕು.

ಹಾಗಾಗಿ ನೀವು ಕುಸ್ತಿ ಶುರು ಮಾಡಿ ಇನ್ನೂ ಆರು ತಿಂಗಳಾಗಿಲ್ಲ ಅಂದರೆ ನನ್ನ ಸಲಹೆ: ಜಿಮ್ ಸದ್ಯಕ್ಕೆ ಬೇಡ. ದಂಡ, ಬೈಠಕ್, ಪುಲ್‌ಅಪ್, ಹಗ್ಗ ಸಾಕು. ಸಮಯ ಇದ್ದರೆ ಇನ್ನೊಂದು ದಿನ ಮ್ಯಾಟ್‌ಗೆ ಹೋಗಿ.

ಹೆಜ್ಜೆ 2: ನಿಮ್ಮ ತೂಕದಲ್ಲಿ ಜಾಗ ಎಷ್ಟಿದೆ?

ಬಾಡಿಬಿಲ್ಡಿಂಗ್ ಬೇಕಾ ಬೇಡವಾ ಅನ್ನುವುದು ಇಲ್ಲಿ ತೀರ್ಮಾನ ಆಗುತ್ತದೆ.

ಒಲಿಂಪಿಕ್ಸ್‌ನ ಪುರುಷರ ಫ್ರೀಸ್ಟೈಲ್ ವರ್ಗಗಳು 57, 65, 74, 86, 97, 125 ಕೆಜಿ. ನಡುವಿನ ಅಂತರ ನೋಡಿ. ನೀವು ಈಗ 68 ಕೆಜಿ, 74ರಲ್ಲಿ ಆಡುತ್ತೀರಿ ಅಂದುಕೊಳ್ಳಿ. ನಿಮಗೆ 5-6 ಕೆಜಿ ಜಾಗ ಖಾಲಿ ಇದೆ. ಎದುರಿಗೆ ಬರುವವನು 78ರಿಂದ ಇಳಿದು ಬಂದವನು ಇರಬಹುದು. ಇಂಥವರು ಒಂದು ವರ್ಷ ಇಟ್ಟುಕೊಂಡು ಮೈ ಕಟ್ಟಿಕೊಳ್ಳುವುದು ಬುದ್ಧಿವಂತಿಕೆ. 16-20 ವಯಸ್ಸಿನ ಬೆಳೆಯುವ ಹುಡುಗರಿಗೂ ಅದೇ ಮಾತು. ತೂಕ ಎತ್ತಿದರೆ ಎತ್ತರ ನಿಲ್ಲುತ್ತೆ ಅನ್ನುವುದು ಸುಮ್ನೆ ಭಯ. ಸರಿಯಾಗಿ ಕಲಿಸುವವರು ಎದುರಿಗಿದ್ದರೆ ಏನೂ ಆಗೋದಿಲ್ಲ.

ನೀವು ಈಗಾಗಲೇ 76 ಇದ್ದು 74ಕ್ಕೆ ಇಳಿಯುತ್ತಿದ್ದರೆ ಕಥೆಯೇ ಬೇರೆ. ಮೈಮೇಲೆ ಬರುವ ಪ್ರತಿ ಕೆಜಿಯೂ ತನ್ನ ಬಾಡಿಗೆ ತಾನೇ ಕಟ್ಟಬೇಕು. ದಪ್ಪ ತೋಳು, ದಪ್ಪ ಎದೆ ಆ ಬಾಡಿಗೆ ಕಟ್ಟುವುದು ಕಡಿಮೆ. ಬೆನ್ನು, ಸೊಂಟದ ಸುತ್ತ, ಪೃಷ್ಠ, ತೊಡೆಯ ಹಿಂಭಾಗ, ಕುತ್ತಿಗೆ ಕಟ್ಟುತ್ತವೆ.

ತೂಕದ ವಿಷಯದಲ್ಲಿ ನಿಯಮವೂ ಬಿಗಿಯಾಗಿದೆ. 2018ರಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಸ್ಪರ್ಧೆಯ ದಿನ ಬೆಳಿಗ್ಗೆಯೇ ತೂಕ ನೋಡುತ್ತಾರೆ. ಎರಡನೇ ದಿನವೂ ಆಟ ಇದ್ದರೆ ಮತ್ತೆ ನೋಡುತ್ತಾರೆ. 2024ರ ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ 100 ಗ್ರಾಂ ಜಾಸ್ತಿ ಬಂದು ಅನರ್ಹರಾದದ್ದು ಎಲ್ಲರಿಗೂ ನೆನಪಿದೆ. ಜಿಯು-ಜಿತ್ಸುವಿನ ದೊಡ್ಡ ಸಂಸ್ಥೆ ಐಬಿಜೆಜೆಎಫ್‌ನ ಗಿ (ದಪ್ಪ ಬಟ್ಟೆಯ ಅಂಗಿ-ಪ್ಯಾಂಟು) ಸ್ಪರ್ಧೆಗಳಲ್ಲಿ ಮೊದಲ ಆಟಕ್ಕೆ ಸ್ವಲ್ಪ ಮುಂಚೆ, ಗಿ ತೊಟ್ಟುಕೊಂಡೇ ತಕ್ಕಡಿ ಹತ್ತಬೇಕು. ನೀರು ಬಿಟ್ಟು ತೂಕ ಇಳಿಸಿ ಆಮೇಲೆ ಚೇತರಿಸಿಕೊಳ್ಳಲು ಟೈಮೇ ಇಲ್ಲ.

ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ಜೋಡಿ ಹಚ್ಚುವುದು ಕಣ್ಣಂದಾಜಿನಿಂದ. ಅಲ್ಲಿ ಸ್ವಲ್ಪ ಗಾತ್ರ ಇದ್ದರೆ ದೊಡ್ಡ ಇನಾಮಿನ ಕುಸ್ತಿ ಸಿಗುತ್ತದೆ, ಇದೂ ನಿಜ. 1961ರಿಂದ ನಡೆಯುವ ರಾಜ್ಯಮಟ್ಟದ ಕುಸ್ತಿ ಪಂದ್ಯ ಮಹಾರಾಷ್ಟ್ರ ಕೇಸರಿಯಲ್ಲಂತೂ ಮಣ್ಣಿನಲ್ಲಿ ಗೆದ್ದವನೂ ಮ್ಯಾಟ್‌ನಲ್ಲಿ ಗೆದ್ದವನೂ ಕೊನೆಗೆ ಎದುರಾಗುತ್ತಾರೆ. ಗೆದ್ದವನಿಗೆ ಸಿಗುವ ಆ ಬೆಳ್ಳಿ ಗದೆಗೆ ಹೋಗುವವರು ದೊಡ್ಡ ಮೈಯವರೇ. ಆದರೆ ಈ ಭಾಗದಿಂದ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಕರಾಡ್ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದದ್ದು ಬ್ಯಾಂಟಮ್‌ವೇಟ್‌ನಲ್ಲಿ, ಅಂದರೆ 57 ಕೆಜಿಯಲ್ಲಿ.

ಹೆಜ್ಜೆ 3: ಏನು ಎತ್ತಬೇಕು

ಪಟ್ಟಿ ಚಿಕ್ಕದಿರಲಿ. ಐದಾರು ವ್ಯಾಯಾಮ ಸಾಕು.

ಮೊದಲನೆಯದು ನೆಲದ ಮೇಲಿನ ಬಾರ್ ಹಿಡಿದು ಎದ್ದು ನಿಲ್ಲುವ ಡೆಡ್‌ಲಿಫ್ಟ್, ಇಲ್ಲವೇ ಮೊಣಕಾಲು ಸ್ವಲ್ಪ ಮಾತ್ರ ಬಗ್ಗಿಸಿ ಮಾಡುವ ರೊಮೇನಿಯನ್ ಡೆಡ್‌ಲಿಫ್ಟ್. ಸೊಂಟದಿಂದ ಎದ್ದು ನಿಲ್ಲುವ ಬಲ ಇಲ್ಲಿಂದ ಬರುತ್ತದೆ. ಮ್ಯಾಟ್‌ನಲ್ಲಿ ಬೆನ್ನು ಈಗಾಗಲೇ ತುಂಬಾ ಕೆಲಸ ಮಾಡಿರುತ್ತದೆ. ಅದಕ್ಕೇ ವಾರಕ್ಕೆ ಒಂದೇ ಸಲ, 3 ಸೆಟ್ ಸಾಕು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು, ಜರ್ಚರ್ ಸ್ಕ್ವಾಟ್. ಪುಣೆಯ ಜಿಮ್‌ಗಳಲ್ಲಿ ಇದನ್ನು ಮಾಡುವವರು ಅಪರೂಪ, ಜನ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ. ಬಾರ್ ಅನ್ನು ರ‍್ಯಾಕ್‌ನಲ್ಲಿ ಹೊಕ್ಕುಳ ಎತ್ತರಕ್ಕೆ ಇಡಿ. ಟವೆಲ್ ಸುತ್ತಿ, ಇಲ್ಲದಿದ್ದರೆ ಮೊಣಕೈ ಸಂದಿ ಮೊದಲ ವಾರವೇ ನೀಲಿಗಟ್ಟುತ್ತದೆ. ಎರಡೂ ಮೊಣಕೈ ಸಂದಿಯಲ್ಲಿ ಬಾರ್ ಕೂರಿಸಿ, ಮುಷ್ಟಿಗಳನ್ನು ಗಲ್ಲದ ಕೆಳಗೆ ಹತ್ತಿರ ತನ್ನಿ. ಬಾರ್ ಹೊಟ್ಟೆಗೆ ಅಂಟಿರಬೇಕು. ಉಸಿರು ಹೊಟ್ಟೆಗೆ ತುಂಬಿ ಎರಡು ಹೆಜ್ಜೆ ಹಿಂದೆ ಬನ್ನಿ. ಮೊಣಕೈ ತೊಡೆಗೆ ತಾಗುವವರೆಗೆ ಕೂತು, ಎದೆ ಬೀಳದಂತೆ ಏಳಿ. ಎದುರಾಳಿಯ ಸೊಂಟ ತಬ್ಬಿ ಎತ್ತುವಾಗ ಮೈ ಇರುವ ಭಂಗಿ ಹೆಚ್ಚುಕಡಿಮೆ ಇದೇ. ಭಾರ ಮುಂದಿರುತ್ತದೆ, ಮೇಲಿನ ಬೆನ್ನು ಗೂನು ಆಗದಂತೆ ಹಿಡಿಯಬೇಕು. ಬೆನ್ನ ಮೇಲೆ ಬಾರ್ ಇಟ್ಟು ಮಾಡುವ ಸ್ಕ್ವಾಟ್‌ಗಿಂತ ಕಡಿಮೆ ತೂಕದಲ್ಲಿ ಜಾಸ್ತಿ ಕೆಲಸ ಆಗುತ್ತದೆ. ಹೀಗಾಗಿ ಮೊಣಕಾಲು, ಸೊಂಟಕ್ಕೂ ಸ್ವಲ್ಪ ಸುಲಭ. ಹೊಸಬರು ಬರೀ 20 ಕೆಜಿ ಬಾರ್‌ನಿಂದಲೇ ಶುರು ಮಾಡಿ.

ಮೂರನೆಯದು ಎಳೆತ. ಪುಲ್‌ಅಪ್ ಮತ್ತು ರೋಯಿಂಗ್ (ಬಾಗಿ ನಿಂತು ಬಾರ್ ಹೊಟ್ಟೆಯ ಕಡೆಗೆ ಎಳೆಯುವುದು). ಕುಸ್ತಿಯಲ್ಲಿ ತಳ್ಳುವುದಕ್ಕಿಂತ ಎಳೆದು ಮೈಗೆ ಅಂಟಿಸಿಕೊಳ್ಳುವುದೇ ಜಾಸ್ತಿ, ಅದಕ್ಕೇ ಒಂದು ತಳ್ಳುವ ಸೆಟ್‌ಗೆ ಎರಡು ಎಳೆಯುವ ಸೆಟ್ ಇಟ್ಟುಕೊಳ್ಳಿ. ಪುಲ್‌ಅಪ್ 10 ದಾಟಿದರೆ ಬಾರ್‌ಗೆ ಎರಡು ಟವೆಲ್ ಹಾಕಿ ಟವೆಲ್ ಹಿಡಿದು ಮಾಡಿ. ಗಿ ಹಿಡಿಯುವವರಿಗೆ ಇದು ವರ. ತಾಲೀಮ್‌ನಲ್ಲಿ ಹಗ್ಗ ಇದ್ದರೆ ಅದೇ ಎಲ್ಲಕ್ಕಿಂತ ಮೇಲು.

ತಳ್ಳುವುದಕ್ಕೆ ನಿಂತು ತಲೆಮೇಲೆ ಎತ್ತುವ ಪ್ರೆಸ್ ಅಥವಾ ಡಂಬೆಲ್ ಬೆಂಚ್, ಯಾವುದಾದರೂ ಒಂದು. ದಿನಾ ದಂಡ ಹೊಡೆಯುವವರಿಗೆ ಎದೆಯ ಕೆಲಸ ಆಗಲೇ ಮುಗಿದಿರುತ್ತದೆ. ಇನ್ನು ಭಾರ ಹೊತ್ತು ನಡೆಯುವುದು: ಎರಡೂ ಕೈಯಲ್ಲಿ ಭಾರದ ಡಂಬೆಲ್, ಅಥವಾ ಎದೆಗೆ ತಬ್ಬಿದ ಮರಳು ಚೀಲ. 30-40 ಮೀಟರ್, 4 ಸಲ. ಕಟ್ಟಡ ಕೆಲಸದವರ ಹತ್ತಿರ ಮರಳು ಕೇಳಿ, ಗಟ್ಟಿ ಚೀಲಕ್ಕೆ ತುಂಬಿ, ಒಳಗೊಂದು ಪ್ಲಾಸ್ಟಿಕ್ ಚೀಲ ಹಾಕಿ ಬಿಗಿಯಾಗಿ ಕಟ್ಟಿ. 40 ಕೆಜಿ ಮರಳು ಚೀಲ ಅಲುಗಾಡುತ್ತದೆ, ಜಾರುತ್ತದೆ, ಹಿಡಿಯಲು ಕೊಡುವುದಿಲ್ಲ. ಮನುಷ್ಯನೂ ಹಾಗೇ ತಾನೇ?

ಬಾಡಿಬಿಲ್ಡಿಂಗ್‌ನಿಂದ ಎರವಲು ತರಬೇಕಾದ್ದು ಸ್ವಲ್ಪ ಇದೆ. ಭುಜದ ಹಿಂಭಾಗಕ್ಕೆ ರಬ್ಬರ್ ಬ್ಯಾಂಡ್ ಎಳೆತ, ಮೊಣಕೈ ಗಟ್ಟಿಯಾಗಲು ಹ್ಯಾಮರ್ ಕರ್ಲ್, ತೊಡೆಯ ಹಿಂಭಾಗಕ್ಕೆ ಲೆಗ್ ಕರ್ಲ್. 12-15 ರೆಪ್ಸ್, ಹಗುರವಾಗಿ, ಕೊನೆಯಲ್ಲಿ ಹತ್ತು ನಿಮಿಷ. ಗಾಯದಿಂದ ಎದ್ದು ಬರುವಾಗಲೂ ಇವೇ ಕೆಲಸಕ್ಕೆ ಬರುತ್ತವೆ.

ಹೆಜ್ಜೆ 4: ಕುತ್ತಿಗೆ, ಇದನ್ನು ಬಿಡಬೇಡಿ

ಜಿಮ್‌ನವರು ಪೂರ್ತಿ ಮರೆಯುವ ಭಾಗ ಇದು. ತಾಲೀಮ್‌ನವರು ಸೇತುವೆ ಭಂಗಿಯಲ್ಲಿ ತಲೆ ಊರಿ ತೂಗುವುದನ್ನು ಮೊದಲ ವಾರವೇ ಮಾಡಿಸುತ್ತಾರೆ. ನನಗೆ ಅದು ಅವಸರ ಅನ್ನಿಸುತ್ತದೆ, ಅದರಲ್ಲೂ ದಿನಕ್ಕೆ ಒಂಬತ್ತು ಗಂಟೆ ಸ್ಕ್ರೀನ್ ನೋಡಿ ಕತ್ತು ಮುಂದೆ ಬಾಗಿರುವವರಿಗೆ. ಮೊದಲು ನಿಮ್ಮ ಅಂಗೈಯನ್ನೇ ಹಣೆಗೆ, ತಲೆಯ ಹಿಂಭಾಗಕ್ಕೆ, ಎಡಕ್ಕೆ, ಬಲಕ್ಕೆ ಒತ್ತಿ 10 ಸೆಕೆಂಡ್ ಹಿಡಿಯಿರಿ. ತಲೆ ಅಲುಗಬಾರದು. ಒಂದು ತಿಂಗಳ ನಂತರ ಬೆಂಚ್ ಮೇಲೆ ಬೋರಲು ಮಲಗಿ, ತಲೆಯ ಹಿಂದೆ ಟವೆಲ್ ಮೇಲೆ ಎರಡೂವರೆ ಕೆಜಿ ಪ್ಲೇಟ್ ಇಟ್ಟು ಮೆಲ್ಲಗೆ 15-20 ರೆಪ್ಸ್. ಸೇತುವೆ ಆಮೇಲೆ, ಅದೂ ಕೈ ಊರಿ. ಕುತ್ತಿಗೆ ವ್ಯಾಯಾಮದಲ್ಲಾಗಲೀ ಕುಸ್ತಿಯಲ್ಲಾಗಲೀ ತೋಳಿಗೆ ಕರೆಂಟ್ ಹೊಡೆದಂತಾಗಿ ಜೋಮು ಹಿಡಿದರೆ ಅಂದು ನಿಲ್ಲಿಸಿ. ಮತ್ತೆ ಮತ್ತೆ ಆದರೆ, ಇಲ್ಲವೇ ಎರಡೂ ಕೈಗೆ ಬಂದರೆ ಡಾಕ್ಟರ್ ಹತ್ತಿರ ಹೋಗಿ, ಎಣ್ಣೆ ತಿಕ್ಕಿಸಿಕೊಂಡು ಕೂರಬೇಡಿ.

ಹೆಜ್ಜೆ 5: ವಾರಕ್ಕೆ ಹೊಂದಿಸುವುದು

ಎಲ್ಲರೂ ಎಡವುವುದು ಇಲ್ಲೇ. ಮ್ಯಾಟ್ ಮೊದಲು, ತೂಕ ಆಮೇಲೆ. ಒಂದೇ ದಿನ ಎರಡೂ ಇದ್ದರೆ ಬೆಳಿಗ್ಗೆ ತಾಲೀಮ್, ಸಂಜೆ ಜಿಮ್, ನಡುವೆ ಕನಿಷ್ಠ 6 ಗಂಟೆ. ಕಷ್ಟದ ದಿನ ಪೂರ್ತಿ ಕಷ್ಟ ಇರಲಿ, ಹಗುರ ದಿನ ನಿಜವಾಗಿಯೂ ಹಗುರ ಇರಲಿ. ಪ್ರತಿದಿನ ಅರ್ಧಂಬರ್ಧ ದಣಿದರೆ ಯಾವುದೂ ಬೆಳೆಯುವುದಿಲ್ಲ.

ದಿನಾ ಬೆಳಿಗ್ಗೆ ತಾಲೀಮ್‌ಗೆ ಹೋಗುವವರು ಸೋಮವಾರ, ಗುರುವಾರ ಸಂಜೆ ಎತ್ತಿ. ಸೋಮವಾರ ಜರ್ಚರ್ ಸ್ಕ್ವಾಟ್, ಪುಲ್‌ಅಪ್, ಪ್ರೆಸ್, ಕುತ್ತಿಗೆ. ಗುರುವಾರ ಡೆಡ್‌ಲಿಫ್ಟ್, ರೋಯಿಂಗ್, ಮರಳು ಚೀಲ, ಕುತ್ತಿಗೆ. 45-50 ನಿಮಿಷದಲ್ಲಿ ಮುಗಿಯಬೇಕು. ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಬರುವ ವಾರ ಒಂದೇ ಸಲ ಎತ್ತಿ, ತೂಕ ಏರಿಸಬೇಡಿ. ನಿದ್ದೆ ಇಲ್ಲದ ಮೈಮೇಲೆ ಭಾರ ಹೇರಿದರೆ ಬಲ ಬರಲ್ಲ, ನೋವು ಬರುತ್ತೆ.

ಸೋಮ, ಬುಧ, ಶುಕ್ರ ಸಂಜೆ ಜಿಯು-ಜಿತ್ಸು ಇರುವ ಆಫೀಸಿನವರು ಮಂಗಳವಾರ ಮತ್ತು ಶನಿವಾರ ಎತ್ತಬಹುದು. ಭಾನುವಾರ ಸಿಂಹಗಡ ಕೋಟೆ ಹತ್ತಿ ಪಿಠ್ಲಾ ಭಾಕ್ರಿ ತಿಂದು ಬರುವ ಅಭ್ಯಾಸ ಇದ್ದರೆ ತುಂಬಾ ಒಳ್ಳೆಯದು, ದಮ್ಮಿಗೆ ಅಷ್ಟೇ ಸಾಕು. ಆದರೆ ಇಳಿಯುವಾಗ ತೊಡೆ ಹಿಡಿದುಕೊಳ್ಳುತ್ತದೆ, ಸೋಮವಾರದ ಕ್ಲಾಸಿನಲ್ಲಿ ಸ್ವಲ್ಪ ನೋಡಿಕೊಂಡು ಆಡಿ. ಸಿಂಹಗಡ ದೂರ ಆಯಿತು ಅನ್ನುವವರಿಗೆ ಪರ್ವತಿ ಗುಡ್ಡದ ಮೆಟ್ಟಿಲಿದೆ, ವೇತಾಳ ಟೇಕಡಿ ಇದೆ.

ದಂಡ ಬೈಠಕ್‌ಅನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ 500 ಬೈಠಕ್ ಹೊಡೆದವನು ಸಂಜೆ ಐದು ಸೆಟ್ ಲೆಗ್ ಪ್ರೆಸ್ ಮಾಡುವುದರಲ್ಲಿ ಅರ್ಥವಿಲ್ಲ. ಬೈಠಕ್ ಸಹನಶಕ್ತಿ ಕೊಡುತ್ತದೆ, ಅದು ನಿಮಗೆ ಆಗಲೇ ಇದೆ. ಇಲ್ಲದ್ದು ಹೆಚ್ಚಿನ ಬಲ, ಅದಕ್ಕೆ ಕಡಿಮೆ ರೆಪ್ಸ್‌ನ ಭಾರ ಬೇಕು. ಜಿಮ್ ಇರುವ ದಿನ ದಂಡ ಬೈಠಕ್ ಅರ್ಧಕ್ಕೆ ಇಳಿಸಿ. ವಸ್ತಾದರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ, ಕದ್ದು ಮಾಡಬೇಡಿ. ಸುಸ್ತಾಗಿ ಬಂದ ಹುಡುಗನನ್ನು ಅವರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ಹೆಜ್ಜೆ 6: 12 ವಾರದ ಲೆಕ್ಕ

ಮಳೆಗಾಲದಲ್ಲಿ ಜಾತ್ರೆಯ ಕುಸ್ತಿಗಳು ಕಡಿಮೆ, ಶುರು ಮಾಡಲು ಒಳ್ಳೆ ಸಮಯ.

ಮೊದಲ 4 ವಾರ 3 ಸೆಟ್, 8 ರೆಪ್ಸ್. ತೂಕ ಹಗುರ, ಭಂಗಿ ಕಲಿಯುವುದೇ ಕೆಲಸ. ಗಾತ್ರ ಬೇಕಾದವರು ಈ ಹಂತವನ್ನೇ 8 ವಾರಕ್ಕೆ ಎಳೆಯಬಹುದು. ಮುಂದಿನ 5 ವಾರ 4 ಸೆಟ್, 5 ರೆಪ್ಸ್, ನಡುವೆ 2-3 ನಿಮಿಷ ವಿಶ್ರಾಂತಿ. ಕಾಲಿನ ವ್ಯಾಯಾಮಕ್ಕೆ ವಾರಕ್ಕೆ 5 ಕೆಜಿ, ಕೈಯದಕ್ಕೆ ಎರಡೂವರೆ ಕೆಜಿ ಏರಿಸಿ. ಏರದಿದ್ದರೆ ಅದೇ ತೂಕದಲ್ಲಿ ಇನ್ನೊಂದು ವಾರ ನಿಲ್ಲಿ. ಪ್ರತಿ ಸೆಟ್ ಮುಗಿದಾಗ ಇನ್ನೂ ಒಂದೆರಡು ರೆಪ್ಸ್ ಆಗುತ್ತಿತ್ತು ಅನ್ನಿಸಬೇಕು. ಪೂರ್ತಿ ಸೋಲುವವರೆಗೆ ಎತ್ತುವುದು ಬಾಡಿಬಿಲ್ಡರ್‌ಗೆ ಸರಿ, ಮರುದಿನ ಬೆಳಿಗ್ಗೆ ಐದಕ್ಕೆ ಮಣ್ಣಿಗಿಳಿಯುವವನಿಗೆ ಅಲ್ಲ.

ಕೊನೆಯ 3 ವಾರ 4-5 ಸೆಟ್, 3 ರೆಪ್ಸ್, ಪ್ರತಿ ರೆಪ್ ವೇಗವಾಗಿ. ಶುರುವಿನಲ್ಲಿ ನಿಂತಲ್ಲಿಂದ ಉದ್ದ ಜಿಗಿತ 4-5, ಮರಳು ಚೀಲ ಹಿಂದಕ್ಕೆ ಎಸೆಯುವುದು 4-5. ಮ್ಯಾಟ್ ಆಟ 3 ನಿಮಿಷ, 30 ಸೆಕೆಂಡ್ ಬಿಡುವು, ಮತ್ತೆ 3 ನಿಮಿಷ. ದಮ್ಮಿನ ಅಭ್ಯಾಸವನ್ನೂ ಅದೇ ಗಡಿಯಾರಕ್ಕೆ ಹೊಂದಿಸಿ, ಆದರೆ ಅದನ್ನು ಎದುರಾಳಿಯ ಜೊತೆ ಮ್ಯಾಟ್ ಮೇಲೇ ಮಾಡಿ. ಜಿಮ್‌ನಲ್ಲಿ ಹಗ್ಗ ಕುಣಿಸಿ ಬೆವರು ಸುರಿಸುವುದು ನೋಡಲು ಚೆಂದ, ಅಷ್ಟೇ.

ಹೆಜ್ಜೆ 7: ಊಟ, ಖುರಾಕು

ದಿನಕ್ಕೆ ದೇಹದ ತೂಕದ ಪ್ರತಿ ಕೆಜಿಗೆ 1.6ರಿಂದ 2 ಗ್ರಾಂ ಪ್ರೋಟೀನ್ ಸಾಕು. 70 ಕೆಜಿ ಇರುವವನಿಗೆ 110ರಿಂದ 140 ಗ್ರಾಂ. ಖಾನಾವಳಿ ಊಟದಲ್ಲಿ ಅಷ್ಟು ಬರುವುದಿಲ್ಲ. ಜೋಳದ ರೊಟ್ಟಿ, ಪಲ್ಯ, ಸಾರು ಬಲವಾದ ಊಟವೇ, ಶಕ್ತಿಗೆ ಬೇಕಾದ ಪಿಷ್ಟ ಅದರಲ್ಲಿದೆ. ಅದರ ಜೊತೆ 4 ಮೊಟ್ಟೆ ಅಂದರೆ ಸುಮಾರು 24 ಗ್ರಾಂ, ಅರ್ಧ ಲೀಟರ್ ಹಾಲು 16 ಗ್ರಾಂ, 50 ಗ್ರಾಂ ಸೋಯಾ ಚಂಕ್ಸ್ 25 ಗ್ರಾಂ, ರಾತ್ರಿ ನೆನೆಸಿಟ್ಟ 100 ಗ್ರಾಂ ಕಡಲೆ 20 ಗ್ರಾಂ. ಉಳಿದದ್ದು ಬೇಳೆ, ಮೊಸರು, ಶೇಂಗಾ, ಕೋಳಿಯಿಂದ ತುಂಬುತ್ತದೆ.

ಬಾದಾಮಿ ಥಂಡಾಯಿ ರುಚಿ, ಸಂಪ್ರದಾಯ ಎರಡೂ ಹೌದು. ಆದರೆ 20 ಬಾದಾಮಿಯಲ್ಲಿ ಪ್ರೋಟೀನ್ 5 ಗ್ರಾಂ ಮಾತ್ರ, ತುಪ್ಪದಲ್ಲಿ ಇಲ್ಲವೇ ಇಲ್ಲ. ದಿನಕ್ಕೆ ಸಾವಿರಾರು ಬೈಠಕ್ ಹೊಡೆಯುವ ಪೈಲ್ವಾನನಿಗೆ ಆ ತುಪ್ಪ ಕರಗುತ್ತದೆ. ಹಿಂಜವಡಿಯ ಕುರ್ಚಿಯಲ್ಲಿ ಕೂರುವವನಿಗೆ ಕರಗುವುದಿಲ್ಲ.

ಕ್ರಿಯಾಟಿನ್ ಅನ್ನುವ ಪೂರಕ ಪುಡಿ ದಿನಕ್ಕೆ 3-5 ಗ್ರಾಂ ತಗೊಂಡರೆ ಲಾಭ ಇದೆ, ಬೆಲೆಯೂ ಕಡಿಮೆ. ಶುರುವಿನಲ್ಲಿ ಸ್ನಾಯುವಿನೊಳಗೆ ನೀರು ಹಿಡಿದು 1-2 ಕೆಜಿ ತೂಕ ಏರುತ್ತದೆ, ವರ್ಗದ ಅಂಚಿನಲ್ಲಿರುವವರು ಸ್ಪರ್ಧೆ ಹತ್ತಿರ ಇರುವಾಗ ಶುರು ಮಾಡಬೇಡಿ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಜಿಮ್‌ನಲ್ಲಿ ಯಾರೋ ಅಣ್ಣ ಕಿವಿಯಲ್ಲಿ ಹೇಳುವ ಇಂಜೆಕ್ಷನ್ ಬಗ್ಗೆ ಒಂದೇ ಮಾತು: ಬೇಡ. ಹಾರ್ಮೋನು, ಹೃದಯ ಹಾಳಾಗುವುದು ಒಂದು ಕಡೆ. ಉದ್ದೀಪನ ಮದ್ದು ತಡೆಯುವ ಸಂಸ್ಥೆ ನಾಡಾದವರು ಪರೀಕ್ಷೆ ಮಾಡಿ ಸ್ಟೀರಾಯ್ಡ್ ಸಿಕ್ಕರೆ ಸಾಮಾನ್ಯವಾಗಿ 4 ವರ್ಷ ನಿಷೇಧ. ಬಿಲ್ ಇಲ್ಲದೆ ಮಾರುವ ಪೌಡರ್ ಡಬ್ಬಿಗಳಲ್ಲೂ ಏನು ಬೆರೆತಿರುತ್ತದೋ ಹೇಳಲಾಗದು. ಡಬ್ಬಿಯಲ್ಲಿತ್ತು, ನನಗೆ ಗೊತ್ತಿರಲಿಲ್ಲ ಅಂದರೆ ಪದಕ ಉಳಿಯುವುದಿಲ್ಲ.

ಹೆಜ್ಜೆ 8: ಸ್ಪರ್ಧೆಯ ಹತ್ತಿರ

ಎರಡು ವಾರ ಇರುವಾಗ ಸೆಟ್‌ಗಳನ್ನು ಅರ್ಧ ಮಾಡಿ, ಎತ್ತುವ ಭಾರ ಇಳಿಸಬೇಡಿ. ಕೊನೆಯ ಭಾರದ ದಿನ ಸ್ಪರ್ಧೆಗೆ 5 ದಿನ ಮುಂಚೆ. ಆಮೇಲೆ ಬ್ಯಾಂಡ್, ಕುತ್ತಿಗೆ, ಹಗುರ ಓಟ ಅಷ್ಟೇ. ಮೈತೂಕ ಇಳಿಸುವುದಿದ್ದರೆ ಎರಡು ತಿಂಗಳ ಮೊದಲೇ ಶುರು ಮಾಡಿ, ವಾರಕ್ಕೆ ಅರ್ಧ ಕೆಜಿಯಂತೆ. ಆ ತಿಂಗಳುಗಳಲ್ಲಿ ಭಾರ ಎತ್ತುವುದನ್ನು ಪೂರ್ತಿ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ವಾರಕ್ಕೆ ಒಂದು ಸಲವಾದರೂ ಎತ್ತಿ.

ಉಪಯೋಗ ಆಗಿದೆಯಾ ಅಂತ ನೋಡುವುದು

ಶುರುವಿನಲ್ಲಿ ನಾಲ್ಕು ಸಂಖ್ಯೆ ಬರೆದಿಡಿ: ಪುಲ್‌ಅಪ್ ಎಷ್ಟು, ಬಾರ್‌ನಲ್ಲಿ ಎಷ್ಟು ಸೆಕೆಂಡ್ ನೇತಾಡುತ್ತೀರಿ, ಡೆಡ್‌ಲಿಫ್ಟ್ 5 ರೆಪ್ಸ್‌ಗೆ ಎಷ್ಟು, ನಿಂತ ಜಿಗಿತ ಎಷ್ಟು ದೂರ. 12 ವಾರದ ಮೇಲೆ ಮತ್ತೆ ನೋಡಿ. ಹವ್ಯಾಸಕ್ಕೆ, ಜಿಲ್ಲಾ ಮಟ್ಟಕ್ಕೆ ಆಡುವವರಿಗೆ ದೇಹದ ತೂಕದ ಒಂದೂಮುಕ್ಕಾಲರಿಂದ ಎರಡು ಪಟ್ಟು ಡೆಡ್‌ಲಿಫ್ಟ್, 15 ಸರಿಯಾದ ಪುಲ್‌ಅಪ್ ಬಂದರೆ ನನ್ನ ಲೆಕ್ಕದಲ್ಲಿ ಸಾಕಷ್ಟಾಯಿತು. ಅದರಾಚೆ ಏರಿಸಲು ಹಾಕುವ ಶ್ರಮಕ್ಕೆ ಮ್ಯಾಟ್ ಮೇಲೆ ಸಿಗುವುದು ಕಡಿಮೆ. ವಾರಕ್ಕೆ ಒಂದು ದಿನ ಎತ್ತಿ ಉಳಿಸಿಕೊಳ್ಳಿ, ಉಳಿದ ಸಂಜೆ ಮ್ಯಾಟ್‌ಗೆ ಕೊಡಿ.

ಇವೆಲ್ಲಕ್ಕಿಂತ ಮುಖ್ಯ ಹೆಜ್ಜೆ 1ರ ಫೋನ್ ಟಿಪ್ಪಣಿ. ಮೊದಲು ಕಾಲು ಹಿಡಿದರೂ ಎತ್ತಲಾಗುತ್ತಿರಲಿಲ್ಲ, ಈಗ ಎತ್ತುತ್ತೀರಿ ಅಂದರೆ ಜಿಮ್ ಕೆಲಸ ಮಾಡಿದೆ. ಡೆಡ್‌ಲಿಫ್ಟ್ 30 ಕೆಜಿ ಏರಿದೆ, ಆದರೆ ಅದೇ ಹುಡುಗ ಅದೇ ಜಾಗದಲ್ಲಿ ಇನ್ನೂ ನಿಮ್ಮ ಕೈ ಬಿಡಿಸಿಕೊಂಡು ಹಿಂದೆ ಹೋಗುತ್ತಿದ್ದಾನೆ ಅಂದರೆ ಮುಂದಿನ ತಿಂಗಳು ಜಿಮ್ ಫೀ ಕಟ್ಟಬೇಡಿ. ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲೇ ಹೋಗಿ, ಆ ಒಂದು ಹಿಡಿತವನ್ನು ಅವನ ಜೊತೆಗೇ ಕೂತು ಬಿಡಿಸಿ ಕಲಿಯಿರಿ.